ಮೆತ್ತನೆ ರಟ್ಟಿನ ಪುಸ್ತಕ

"ಗಟ್ಟಿ ರಟ್ಟಿನದು ಬೇಡ," ಎಂದು ತಂದೆ ಪುಸ್ತಕವನ್ನು ಬಿಡಿಸದೆಯೇ ಹಿಂದಕ್ಕೆ ತಳ್ಳಿದ.

ಅಂಗಡಿಯಾಕೆಗೆ ಮೈ ಉರಿಯಿತು. ಕಾಂಪೊನೆಂಟ್ ಪ್ರೋಗ್ರಾಮಿಂಗ್, ಅಂದರೆ ಬಿಡಿಭಾಗಗಳನ್ನು ಜೋಡಿಸಿ ಸಾಫ್ಟ್‌ವೇರ್ ಕಟ್ಟುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಅವಳ ಅಂಗಡಿಯಲ್ಲಿರಲಿಲ್ಲ. ಈ ಮನುಷ್ಯನೋ, ಬಂದಾಗಿನಿಂದಲೂ ಹೀಗೆಯೇ. ಗಾಜಿನ ಬಾಗಿಲ ಮುಂದೆ ಕೈಕಟ್ಟಿ ನಿಂತೇ ಇದ್ದ. ಹಿಂದಿನಿಂದ ಮಗಳು ಬಂದು ತೆರೆದ ಮೇಲೆಯೇ ಒಳಗೆ ಕಾಲಿಟ್ಟ. ಮಹಾರಾಜರಿಗೆ ಬಾಗಿಲನ್ನೂ ಮಗಳೇ ತೆಗೆಯಬೇಕು ಎಂದು ಅವಳು ಆಗಲೇ ಅಳೆದುಬಿಟ್ಟಿದ್ದಳು.

"ರಟ್ಟು ಗಟ್ಟಿಯಿದ್ರೆ ಬಾಳಿಕೆ ಬರುತ್ತೆ ಯಜಮಾನ್ರೇ."

"ಬಾಳಿಕೆ ಹಾಗಿರಲಿ. ಮೆತ್ತನೆ ರಟ್ಟಿನದು ಕೊಡಿ. ಐದು ಗಂಟೆಯೊಳಗೆ ಹೋಗಿ ಸೇರಬೇಕು."

ಇನ್ನೊಂದು ತಂದಳು. ರಟ್ಟು ಮೆತ್ತಗಿತ್ತು, ಆದರೆ ಹಿಂಬದಿಗೆ ಒಂದು ಸಿ.ಡಿ. ಅಂಟಿಸಿತ್ತು.

"ಇದನ್ನ ಕಿತ್ತುಬಿಡ್ತೀರಾ?"

"ಕಿತ್ರೆ ಉಳಿಯೋದೇನು? ಅಭ್ಯಾಸಗಳೆಲ್ಲ ಅದರಲ್ಲೇ ಇವೆ."

"ಹಾಗಾದ್ರೆ ಬೇಡ."

ಮೂರನೆಯದನ್ನು ಮಗಳೇ ಎತ್ತಿಕೊಂಡಳು. ಅಕ್ಕಿ ಆರಿಸುವವಳ ಹಾಗೆ ಸರಸರ ಪುಟ ತಿರುವಿ, ಮುಚ್ಚಿಟ್ಟಳು. "ಇದೂ ಆಗಲ್ಲ. ಎರಡನೇ ಪಾಠದಲ್ಲೇ ಕಂಪ್ಯೂಟರ್ ಮುಂದೆ ಕೂತ್ಕೊಳ್ಳಿ ಅಂತಾರೆ."

"ಕೂತ್ಕೋಬೇಕಮ್ಮ. ನೀರಿಗೆ ಇಳೀದೆ ಈಜು ಬರುತ್ತಾ?"

"ಕಂಪ್ಯೂಟರ್ ಇಲ್ಲ," ಎಂದ ತಂದೆ.

"ಹೋಗ್ಲಿ, ಫೋನಲ್ಲೇ ನೋಡಿ ಕಲೀಬಹುದು."

"ಫೋನೂ ಇಲ್ಲ."

"ಎಲ್ಲಾದ್ರೂ ಕ್ಲಾಸಿಗೆ ಸೇರ್ಸಿ ಮತ್ತೆ."

"ಹೊರಗೆ ಹೋಗೋ ಹಾಗಿಲ್ಲ."

ಅಂಗಡಿಯಾಕೆ ಲೆಕ್ಕಾಚಾರದ ಯಂತ್ರವನ್ನು ಪಕ್ಕಕ್ಕೆ ಸರಿಸಿ ಎರಡೂ ಕೈ ಮೇಜಿನ ಮೇಲೂರಿದಳು. ಇಂಥ ಮನೆಗಳನ್ನು ಅವಳು ಕಂಡಿದ್ದಳು, ಇಂಥ ಅಪ್ಪಂದಿರನ್ನೂ.

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರೆ, ಹಾಗಾಯ್ತು ನಿಮ್ಮ ಮನೆ ಕಥೆ. ಕಲೀಬೇಕು ಅನ್ನೋ ಜೀವಾನ ಹೀಗೆ ಕಟ್ಟಿಹಾಕಿದ್ರೆ ಪಾಪ ಸುತ್ಕೊಳ್ಳುತ್ತೆ ಯಜಮಾನ್ರೇ."

"ಸುತ್ಕೊಂಡಿದೆ ತಾಯಿ," ಎಂದು ಅವನು ನೆಲ ನೋಡಿದ.

ಮಗಳು ನಡುವೆ ಬಂದಳು. "ಅಕ್ಕಾ, ಬೈಯೋದಿದ್ರೆ ಆಮೇಲೆ ಬೈರಿ. ವರ್ಷಗಟ್ಟಲೆ ಗೋಡೆ ನೋಡ್ಕೊಂಡು ಕೂತಿರೋ ಜೀವ. ಈಗ ಏನಾದ್ರೂ ಕಲೀಬೇಕು ಅಂತ ಆಸೆ ಹುಟ್ಟಿದೆ. ಕಳೆದ ಸಲ ತಗೊಂಡಿದ್ದ ಪುಸ್ತಕ ಬಾಗಿಲಲ್ಲೇ ವಾಪಸಾಯ್ತು. ಇದೂ ಹಾಗೇ ಆದ್ರೆ ಆ ಆಸೆ ಇನ್ನೊಂದು ಸಲ ಚಿಗುರಲ್ಲ."

ಪಾಪ, ತನ್ನ ಕಥೆಯನ್ನೇ ಬೇರೆ ಯಾರದೋ ಎಂಬಂತೆ ಹೇಳುತ್ತಿದ್ದಾಳೆ ಅನ್ನಿಸಿ ಅಂಗಡಿಯಾಕೆಯ ಸಿಟ್ಟು ಅರ್ಧ ಇಳಿಯಿತು. ಸ್ಟೂಲು ಹತ್ತಿ ಮೇಲಿನ ಕಪಾಟಿನ ಮೂಲೆಯಿಂದ ಒಂದು ಹಳೆಯ ಮುದ್ರಣವನ್ನು ಎಳೆದಳು. ಧೂಳಿಗೆ ಮೂವರೂ ಸೀನಿದರು. ತೆಳ್ಳನೆ ರಟ್ಟು, ಒರಟು ಕಾಗದ. ಅಭ್ಯಾಸಗಳೆಲ್ಲ ಪೆನ್ಸಿಲ್ಲಿನಲ್ಲಿ ಮಾಡುವಂಥವು: ಚೌಕ ಬರೆಯಿರಿ, ಗೆರೆ ಎಳೆಯಿರಿ, ಉತ್ತರ ಕೊನೆಯಲ್ಲಿ ನೋಡಿಕೊಳ್ಳಿ.

"ಇಲ್ಲಿ ನೋಡಮ್ಮ," ಎಂದು ಮಗಳ ಕಡೆ ತಿರುಗಿಸಿದಳು. "ಒಂದು ಭಾಗದ ಒಳಗೆ ಏನು ನಡೀತಿದೆ ಅಂತ ಹೊರಗಿನ ಭಾಗಕ್ಕೆ ಗೊತ್ತಿರಬೇಕಾಗಿಲ್ಲ. ಒಳಗೆ ಏನು ಹೋಗ್ಬೇಕು, ಹೊರಗೆ ಏನು ಬರ್ಬೇಕು, ಅಷ್ಟು ಗೊತ್ತಿದ್ರೆ ಸಾಕು. ಇಡೀ ವಿದ್ಯೆಯ ತಳಪಾಯ ಇದೇ. ಅರ್ಥವಾಯ್ತಾ?"

"ಚೆನ್ನಾಗಿ ಅರ್ಥವಾಯ್ತು," ಎಂದ ತಂದೆ.

"ನಿಮ್ಮನ್ನಲ್ಲ ಕೇಳಿದ್ದು."

ಮಗಳು ಫಕ್ಕನೆ ನಕ್ಕಳು. ಅಂದು ಅಂಗಡಿಯಲ್ಲಿ ಕೇಳಿದ ನಗು ಅದೊಂದೇ.

ಐದಕ್ಕೆ ಸ್ವಲ್ಪ ಮುಂಚೆ ಅವರು ಊರಾಚೆಯ ಬಸ್ಸಿನಿಂದ ಇಳಿದು, ಉದ್ದನೆಯ ಗೋಡೆಯ ಪಕ್ಕ ನಡೆದು ಗೇಟಿಗೆ ಬಂದರು. ಕಾವಲುಗಾರ ಪುಸ್ತಕವನ್ನು ತಲೆಕೆಳಗು ಮಾಡಿ ಕೊಡವಿದ. ಬೆನ್ನನ್ನು ಬೆರಳಿನಿಂದ ಒತ್ತಿದ. ಮಗಳು ಉಸಿರು ಹಿಡಿದು ನೋಡುತ್ತಿದ್ದಳು.

"ಹೂಂ. ಇದನ್ನ ಬಿಡಬಹುದು."

"ಮೊದಲನೇ ಪಾಠ ಮುಂದಿನ ತಿಂಗಳ ಭೇಟೀಲಿ ಒಪ್ಪಿಸಬೇಕಪ್ಪ," ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತ. "ಆಫೀಸಲ್ಲಿ ಹೊಸಬರನ್ನ ಹೇಗೆ ಕೂರಿಸಿ ಕೇಳ್ತೀನೋ ಹಾಗೇ ಕೇಳ್ತೀನಿ. ತಪ್ಪಿಸ್ಕೊಳ್ಳೋ ಹಾಗಿಲ್ಲ."

"ಪೆರೋಲ್ ಮುಗೀತು, ಒಳಗೆ ನಡೀರಿ," ಎಂದು ಕಾವಲುಗಾರ ಚಿಕ್ಕ ಬಾಗಿಲನ್ನು ತೆರೆದು ಹಿಡಿದ. ತಂದೆ ಪುಸ್ತಕವನ್ನು ಎದೆಗವಚಿಕೊಂಡು ತಲೆತಗ್ಗಿಸಿ ಒಳಗೆ ಹೋದ, ಮಗಳು ಹೊರಗೇ ಉಳಿದಳು.