ವಾಸನೆಗೊಂದು ಮುಚ್ಚಳ

"ಬೆಂಕಿಪೊಟ್ಟಣ ತಾರೇ ರೇಣುಕಾ, ಇವತ್ತು ನಮ್ಮನೇಲಿ ಪರೀಕ್ಷೆ ಐತೆ!" ಎಂದು ಜಂಪಣ್ಣ ಪಡಸಾಲೆಯಿಂದ ಕೂಗಿದ. ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದ ರೇಣುಕಮ್ಮ ಹಾಗೇ ನಿಂತುಬಿಟ್ಟಳು. ಲೋಟ ತುಂಬಿ ಟೀ ಕಟ್ಟೆಯ ಮೇಲೆ ಹರಿಯಿತು.

ಪರೀಕ್ಷೆ ತಂದವಳು ಚಿತ್ರದುರ್ಗದಿಂದ ಬಂದಿದ್ದ ಪ್ರೀತಿ. ಹಡಗಿನವರು, ಕಡಲುಗಳ್ಳರು ಕುಡಿದ ರಮ್ಮಿನ ಇತಿಹಾಸ ಅವಳ ಪಿಎಚ್‌ಡಿಯ ವಿಷಯ. "ದುರ್ಗಕ್ಕೆ ಸಮುದ್ರ ದೂರ, ನಿನಗೆ ಡಾಕ್ಟರೇಟು ಅದಕ್ಕಿಂತ ದೂರ" ಎಂದು ಗೈಡು ಗೊಣಗಿದ್ದರು. ನೌಕಾಪಡೆಯಲ್ಲಿ ಹದಿನೈದು ವರ್ಷ ಇದ್ದವರೊಬ್ಬರು ಭರಮಸಾಗರದಲ್ಲಿದ್ದಾರೆ ಎಂದು ತಿಳಿದದ್ದೇ ತಡ, ನೋಟ್‌ಬುಕ್ ಹಿಡಿದು ಬಸ್ ಹತ್ತಿದ್ದಳು. ಜಂಪಣ್ಣ ಮಧ್ಯಾಹ್ನದಿಂದ ಹಡಗನ್ನೇ ಪಡಸಾಲೆಗೆ ತಂದಿಳಿಸಿದ್ದ. ಬಾಯಲ್ಲೇ ಸೀಟಿ, ಗಂಟಲಲ್ಲೇ ಎಂಜಿನ್, ಮೂಗಿನಲ್ಲಿ ಕ್ಯಾಪ್ಟನ್ನಿನ ದನಿ. ಮೂಗಿಗೆ ಈಗ ಉಳಿದಿದ್ದ ಉದ್ಯೋಗ ಅದೊಂದೇ. ಎಂಜಿನ್ ರೂಮಿನ ಡೀಸೆಲ್ ಹೊಗೆ ಅದನ್ನು ವಾಸನೆ ಹಿಡಿಯುವ ಕೆಲಸದಿಂದ ಎಂದೋ ರಿಟೈರ್ ಮಾಡಿತ್ತು.

"ಬರ್ಕಳಮ್ಮ," ಎಂದ ಜಂಪಣ್ಣ. "ದಿನಾ ಸಂಜೆ ಎರಡು ಪೆಗ್. ಅದ್ಕೇ ಎರಡು ವರ್ಸದಿಂದ ನನ್ನ ಶುಗರ್ ಹದ್ದುಬಸ್ತಿನಾಗೈತೆ. ಡಾಕ್ಟ್ರೇ ಬೆರಗಾಗ್ಯಾರೆ! ನಮ್ಮ ಗೆಣೆಕಾರ ಗುಡ್ಡಪ್ಪಂಗೂ ಶುಗರ್ ಐತೆ, ಅವಂಗೂ ಹೇಳೀನಿ, ಮಾತ್ರೆ ಬಿಡು, ರಮ್ ಹಿಡಿ ಅಂತ. ನಾಳೆಯಿಂದ ಶುರು ಮಾಡ್ತಾನೆ."

ಪ್ರೀತಿ ಬರೆದು, ಅಡಿಗೆರೆ ಎಳೆದಳು. "ಹಳೇ ಕಾಲದಾಗೆ ರಮ್ಮಿಗೆ ನೀರು ಬೆರೆಸ್ಯಾರೋ ಇಲ್ವೋ ಅಂತ ನೋಡಾಕೆ, ಕೋವಿ ಮದ್ದಿನಪುಡಿ ಮ್ಯಾಲೆ ಹುಯ್ದು ಬೆಂಕಿ ಹಚ್ತಿದ್ರಂತೆ ಸಾರ್. ಹೊತ್ಕಂಡ್ರೆ ಅಸಲಿ."

"ದುರ್ಗದ ಕೋಟೆಯಾಗೆ ಮದ್ದು ಬೀಸೋ ಕಲ್ಲು ಅವೆ, ಮದ್ದೆಲ್ಲಿ ತರಾಣ? ಚಮಚಕ್ಕೆ ಹುಯ್ದು ಕಡ್ಡಿ ಗೀರಾಣ. ಈ ಬಿಸಿಲಿಗೆ ಅಸಲಿ ಮಾಲು ಭಗ್ ಅಂತೈತೆ. ಎಲ್ಲೇ ಬೆಂಕಿಪೊಟ್ಟಣ?"

ರೇಣುಕಮ್ಮ ಟೀ ಮಾತ್ರ ತಂದಳು. "ಖಾಲಿ ಆಗೈತೆ ಕಣ್ರಿ. ಒಲೆಗೆ ಲೈಟರ್ರು ಐತಲ್ಲ."

"ದೇವರ ಮನೇಲಿ ಇರ್ತೈತಲ್ಲ?"

"ದೇವರ ಬೆಂಕೀನ ಹೆಂಡಕ್ಕೆ ಹಚ್ತಾರೇನ್ರಿ!"

"ಅಗ್ನಿಗೆ ಯಾವ ಮಡಿಯೇ?" ಎನ್ನುತ್ತ ಜಂಪಣ್ಣ ತಾನೇ ಹೋಗಿ ಪೊಟ್ಟಣ ತಂದ. ಬಾಟಲಿಯಿಂದ ಚಮಚ ತುಂಬಿಸಿ, ಕಡ್ಡಿ ಗೀರಿ ಅದಕ್ಕೆ ತಾಗಿಸಿದ. ಕಡ್ಡಿ ಚುಯ್ ಎಂದು ಆರಿತು. ಎರಡನೆಯದೂ ಚುಯ್ ಎಂದಿತು. ಮೂರನೆಯದು ಅಷ್ಟನ್ನೂ ಅನ್ನಲಿಲ್ಲ.

"ಥೂ, ಪೊಟ್ಟಣಾನೇ ಥಂಡಿ ಹಿಡಿದೈತೆ," ಎಂದು ಜಂಪಣ್ಣ ಅದನ್ನು ಬದಿಗೆಸೆದ. "ಪರೀಕ್ಷೆ ಬಿಡು. ನೀನು ಶುಗರ್ ವಿಷಯ ಮಾತ್ರ ದಪ್ಪ ಅಕ್ಷರದಾಗೆ ಬರ್ಕ."

ರೇಣುಕಮ್ಮ ನಿಟ್ಟುಸಿರು ಬಿಟ್ಟಳು. ಸುಮ್ಮನೆ ಒಳಗೆ ಹೋಗಿದ್ದರೆ ಆಗಿತ್ತು. ಬಾಗಿಲವರೆಗೆ ಹೋದಳು ಕೂಡ. ಆದರೆ ಮಾತ್ರೆ ಬಿಟ್ಟು ಬಾಟಲಿ ಹಿಡಿದ ಗುಡ್ಡಪ್ಪ ಕಣ್ಣ ಮುಂದೆ ಬಂದ. ತಿರುಗಿದಳು.

"ಬರೀಬ್ಯಾಡ ಕಣಮ್ಮ. ಅದರಾಗಿರೋದು ರಮ್ಮಲ್ಲ. ತಂಗಡಿ, ಅದೇ ಆವರಿಕೆ ಹೂವಿನ ಕಷಾಯ. ಬಣ್ಣಕ್ಕೆ ಟೀ ಪುಡಿ, ಗಂಟಲು ಉರೀಲಿ ಅಂತ ಕಾಳುಮೆಣಸು. ವಾಸನೆಗೊಂದು ಮುಚ್ಚಳ ರಮ್ಮು."

ಪಡಸಾಲೆಯ ಹಡಗು ಗಕ್ಕನೆ ನಿಂತಿತು.

"ನಂಗೆ ಮೂಗೇ ಇಲ್ಲ, ವಾಸನೆ ಯಾಕೆ ಹಾಕ್ದೆ?" ಜಂಪಣ್ಣನ ಬಾಯಿಂದ ಮೊದಲು ಬಂದದ್ದು ಅಷ್ಟೇ.

"ಬಂದೋರಿಗೆ ಇರ್ತೈತಲ್ಲ."

"ಎಷ್ಟು ದಿನದಿಂದ?"

"ಡಾಕ್ಟ್ರು ಬಯ್ದು ಕಳಿಸಿದ್ರಲ್ಲ, ಆ ವಾರದಿಂದ. ಶುಗರ್ ಇಳಿದಿದ್ದು ರಮ್ಮಿಂದಲ್ಲ, ರಮ್ ಬಿಟ್ಟಿದ್ರಿಂದ."

"ಹಂಗಾರೆ ನಾನು ತಿಂಗಳಾ ತಿಂಗಳಾ ಮಿಲಿಟರಿ ಕ್ಯಾಂಟೀನಿಂದ ತಂದ ಅಸಲಿ ಮಾಲು?"

"ಪಾಲಣ್ಣಂಗೆ. ಸುಗ್ಗಿ ಆದ ಮ್ಯಾಲೆ ನಮ್ಮ ಹೊಲದಾಗೆ ಕುರಿ ಮಂದೆ ನಿಲ್ಲಿಸ್ತಾನೆ. ಬಯಲಾಗೆ ಮಲಗೋ ಕುರಿ ಕಾಯೋರಿಗೆ ಚಳಿಗೆ ಆಯ್ತೈತೆ. ಮೆಕ್ಕೆಜೋಳ ಆಳೆತ್ತರ ಬಂದಿದ್ದು ನಿಮ್ಮ ಕೈಗುಣ ಅನ್ಕಂಡ್ರೇನ್ರಿ? ಕುರಿ ಹಿಕ್ಕೆ ಗುಣ."

ಪ್ರೀತಿಯ ಪೆನ್ನು ಓಡುತ್ತಿತ್ತು. "ಸಾರ್, ಹಳೇ ಹಡಗಿನಾಗೂ ಹಿಂಗೇ! ನಾವಿಕರು ಕುಡಿದು ಬೀಳ್ತಾರೆ ಅಂತ ಒಬ್ಬ ಅಡ್ಮಿರಲ್ ರಮ್ಮಿಗೆ ನೀರು ಬೆರೆಸಿದ. ಅವ್ರು ಒಬ್ಬರ ಕೆಲಸ ಒಬ್ಬರು ಮಾಡಿಕೊಟ್ರೆ ತಮ್ಮ ಪಾಲಿನ ರಮ್ಮಿನಾಗೆ ಒಂದು ಗುಟುಕು ಕೊಟ್ಟು ಋಣ ತೀರಿಸ್ತಿದ್ರು. ನಾನು ಪುಸ್ತಕದಾಗೆ ಓದಿದ್ದನ್ನೆಲ್ಲ ಅಮ್ಮ ಮಾಡಿ ಮುಗಿಸ್ಯಾರೆ!"

"ಕಡಲುಗಳ್ಳರನ್ನ ಬಿಟ್ಟೆಯಲ್ಲಮ್ಮ," ಎಂದ ಜಂಪಣ್ಣ. "ಹದಿನೈದು ವರ್ಸ ನಡುನೀರಿನಾಗೆ ಹುಡುಕಿದ್ವಿ, ಒಬ್ಬನೂ ಸಿಗಲಿಲ್ಲ. ನೋಡಿದ್ರೆ ನಮ್ಮ ಅಡುಗೆಮನೇಲಿ ಲಂಗರು ಹಾಕ್ಯಾರೆ!"

ರೇಣುಕಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಜಂಪಣ್ಣ ಫೋನ್ ತೆಗೆದು, ಕ್ಯಾಪ್ಟನ್ನಿನ ದನಿಯಲ್ಲೇ ಗದರಿದ: "ಗುಡ್ಡಪ್ಪ! ಆರ್ಡರ್ ಕ್ಯಾನ್ಸಲ್! ಮಾತ್ರೆ ಬಿಟ್ಟೀಯ, ಜೋಕೆ!"

ಆಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಚೆಲ್ಲುತ್ತಾನೇನೋ ಎಂದು ಪ್ರೀತಿ ಅಂದುಕೊಂಡಳು. ಅವನು ಲೋಟಕ್ಕೆ ಬಗ್ಗಿಸಿ, ಒಂದೇ ಗುಟುಕಿಗೆ ಕುಡಿದು, ಕಣ್ಣು ಮುಚ್ಚಿದ.

"ಮೆಣಸು ಒಂದು ಕಾಳು ಕಮ್ಮಿ ಆಗೈತೆ ಕಣೇ."

"ನಾಳಿಕ್ಕೆ ಹಾಕ್ತೀನಿ ಬಿಡ್ರಿ."

ಬಸ್ಸಿನ ಹೊತ್ತಾಯಿತೆಂದು ಪ್ರೀತಿ ಎದ್ದಳು. ಬೀಳ್ಕೊಡಲು ಜಂಪಣ್ಣನೂ ಎದ್ದ. ಎರಡು ವರ್ಷದ ಅಭ್ಯಾಸ. ಕಷಾಯ ಕುಡಿದ ಕಾಲು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತೂಗಿತು. ರೇಣುಕಮ್ಮ ದಿನದಂತೆ ಬಂದು ತೋಳು ಹಿಡಿದುಕೊಂಡಳು.