ಆಸಕ್ತಿ ಕಡಿಮೆ

"ಯಾರೂ ಬಂದಿಲ್ಲ. ಆಸಕ್ತಿ ಕಡಿಮೆ" ಎಂದು ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ನಡವಳಿ ಪುಸ್ತಕದಲ್ಲಿ ಮೂರನೇ ಸಲ ಬರೆದ. ಸಂಸಾರ, ಕೆಲಸಗಳ ನಡುವೆ ಓದಲು ಬಂದ ಹಿರಿಯ ವಿದ್ಯಾರ್ಥಿಗಳಿಗೆಂದು ಸಂಘದಲ್ಲಿ ಒಂದು ಸ್ಥಾನವಿತ್ತು. ಮೂರು ಸಭೆಗಳಲ್ಲಿ ಅದು ಖಾಲಿ ಬಿದ್ದರೆ ರದ್ದು. ಮರುದಿನ ಸ್ಥಾನ ರದ್ದಾದ ನೋಟಿಸನ್ನು ಅಂಟಿಸುತ್ತಿದ್ದಾಗ ಹಿಂದೆ ಯಾರೋ ಕೆಮ್ಮಿದರು. ಬಸ್ ಡ್ರೈವರ್ ಸಮವಸ್ತ್ರದಲ್ಲಿದ್ದ, ಐವತ್ತು ದಾಟಿದ ಹೆಂಗಸು.

"ಆಂಟಿ, ಪೇರೆಂಟ್ಸ್ ಮೀಟಿಂಗ್ ಆ ಕಡೆ ರೂಮಲ್ಲಿ."

"ನಾನು ಫಸ್ಟ್ ಇಯರ್ ಕಣಪ್ಪ. ನೀನು ನನಗೆ ಸೀನಿಯರ್."

ಕಾರ್ಯದರ್ಶಿ ನಾಲಿಗೆ ಕಚ್ಚಿಕೊಂಡ. ಇನ್ನು ಮೇಡಂ ಅನ್ನಬೇಕೋ ಅಕ್ಕ ಅನ್ನಬೇಕೋ ತಿಳಿಯದೆ ಎರಡನ್ನೂ ನುಂಗಿಕೊಂಡ. "ಏನ್ ಮಾಡೋದು, ನಿಮ್ಮ ಕಡೆಯವರು ಯಾರೂ ಬರಲ್ಲ. ಸಭೆಗೆ ಬಂದವರು ಮಾಡಿದ್ದೇ ತೀರ್ಮಾನ."

"ನಿಮ್ಮ ಸಭೆ ಸಂಜೆ ನಾಲ್ಕಕ್ಕೆ. ಆಗ ನಾನು ಸ್ಟೇರಿಂಗ್ ಹಿಡಿದಿರ್ತೀನಿ. ಹೋದ ವಾರ ನನ್ನ ಬಸ್ಸಲ್ಲಿ ನಿಂತು, 'ಬೇಗ ಓಡ್ಸಿ, ಸಭೆಗೆ ಲೇಟಾಯ್ತು' ಅಂತ ಪ್ರಾಣ ತಿಂದೋನು ನೀನೇ ಅಲ್ವಾ?"

ಅವನ ಕಿವಿ ಕೆಂಪಾಯಿತು. ಆಕೆ ನಗುತ್ತಲೇ ಇದ್ದಳು, ಆದರೆ ನೋಟಿಸಿನ ಮೇಲಿಟ್ಟ ಬೆರಳು ತೆಗೆಯಲಿಲ್ಲ.

"ಲೈಬ್ರರಿ ಹತ್ತು ಗಂಟೆಗೆ ತೆಗೀತಾರೆ. ಬೆಳಿಗ್ಗೆ ಬಿಟ್ರೆ ನಮಗೆ ಬೇರೆ ಹೊತ್ತಿಲ್ಲ. ನಾನು ಡಿಪೋದಲ್ಲಿ ನಿಂತಿರೋ ಬಸ್ಸಲ್ಲಿ ಕೂತು ಓದ್ತೀನಿ. ಇದನ್ನ ಕೇಳೋಕೆ ನಮ್ಮೋರು ಒಬ್ಬರಾದ್ರೂ ಬೇಡ್ವಾ?"

ಹುಡುಗ ಒಳ್ಳೆಯವನೇ. ಅಂಟಿಸಿದ್ದನ್ನು ಕಿತ್ತ. "ಇನ್ನೊಂದು ಸಭೆ ಕರೆಯೋಣ. ಹೊತ್ತು ನೀವೇ ಹೇಳಿ."

"ಶನಿವಾರ ಆರೂವರೆ."

"ಸಂಜೆ ತಾನೆ?"

"ಬೆಳಿಗ್ಗೆ."

ಕಾರ್ಯದರ್ಶಿಯ ಮುಖ ಹುಳ್ಳಗಾಯಿತು. ಆದರೂ ಮರ್ಯಾದೆಯ ಪ್ರಶ್ನೆ. "ಎಲ್ಲರೂ ಬರ್ತೀವಿ" ಎಂದು ಸಂಘದ ಕೋಣೆಯ ಬೀಗದ ಕೈಯನ್ನೂ ನಡವಳಿ ಪುಸ್ತಕವನ್ನೂ ಆಕೆಗೇ ಒಪ್ಪಿಸಿದ.

ಶನಿವಾರಕ್ಕೆಂದು ಮೂರು ಅಲಾರಂ ಇಟ್ಟುಕೊಂಡಿದ್ದ. ಮೂರನ್ನೂ ನಿದ್ದೆಗಣ್ಣಲ್ಲೇ ಅದುಮಿ ಮಗ್ಗುಲು ಬದಲಿಸಿದ. ತಲೆ ಕೂಡ ಬಾಚದೆ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಾಗ ಗಂಟೆ ಒಂಬತ್ತು. ಕೋಣೆ ಗುಡಿಸಿತ್ತು. ಹನ್ನೊಂದು ಚಹಾ ಲೋಟಗಳನ್ನು ತೊಳೆದು ಬೋರಲು ಹಾಕಿದ್ದರು. ಅವನ ಗೆಳೆಯರಲ್ಲಿ ಒಬ್ಬರ ಸುಳಿವೂ ಇರಲಿಲ್ಲ. ಮೇಜಿನ ಮೇಲೆ ನಡವಳಿ ಪುಸ್ತಕ ತೆರೆದಿತ್ತು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು:

"ಹಿರಿಯರು ಹನ್ನೊಂದು ಮಂದಿ ಹಾಜರು. ಕಿರಿಯರು ಯಾರೂ ಬಂದಿಲ್ಲ. ಆಸಕ್ತಿ ಕಡಿಮೆ. ಬಂದವರ ತೀರ್ಮಾನ: ಹಿರಿಯರ ಸ್ಥಾನ ಉಳಿಯತಕ್ಕದ್ದು. ಲೈಬ್ರರಿಯನ್ನು ಏಳಕ್ಕೆ ತೆರೆಯಲು ಕೇಳತಕ್ಕದ್ದು. ಹಾಗೆಯೇ, ಪಾಪ, ಕಿರಿಯರಿಗೂ ಸಂಘದಲ್ಲಿ ಒಂದು ಸ್ಥಾನ ಮೀಸಲಿಡತಕ್ಕದ್ದು."