ಕೆಂಪು ಚುಕ್ಕೆ

"ಮುಟ್ಟಬ್ಯಾಡವ್ವಾ!" ಎಂದು ಪ್ರಭುದೇವ ಕೂಗಿದಾಗ ಗೌರಾಬಾಯಿಯವರ ಕೈ ಕ್ಲಬ್ಬಿನ ಮೇಜಿನ ಮೇಲಿದ್ದ ಪಿಸ್ತೂಲಿನಿಂದ ಗೇಣು ದೂರದಲ್ಲಿತ್ತು. ಕೈಯಲ್ಲಿ ಕಡ್ಡಿಯಿಂದ ಹಚ್ಚುವ ನೀರುಕುಂಕುಮದ ಸಣ್ಣ ಶೀಶೆ.

"ಮುಟ್ಟಂಗಿಲ್ಲೋ, ಬರೇ ಹಚ್ಚತೇನಿ. ಇವತ್ತ ಆಯುಧ ಪೂಜಿ. ಮುಂಜಾನೆ ನಿನ್ನ ಕಾರಿಗೆ ಹಚ್ಚೇನಿ, ಸೈಕಲ್ಲಿಗೆ ಹಚ್ಚೇನಿ, ಸೊಸಿ ಮಿಕ್ಸರಿಗೂ ಹಚ್ಚೇನಿ. ಖರೇ ಆಯುಧ ಇಲ್ಲಿ ಐತಿ, ಇದಕ್ಕ ಬ್ಯಾಡಂದ್ರ ಹೆಂಗ?"

"ಇದು ನಮ್ಮದಲ್ಲವ್ವಾ. ಹೊಡದು ನೋಡ್ರಿ ಅಂತ ಅಂಗಡಿಯವರು ವಾರದ ಮಟ್ಟಿಗೆ ಕೊಟ್ಟಾರ."

"ಕಳ್ಳರು ಬಂದ್ರ ಹೊಡೀಲಿಕ್ಕೇನು?"

"ಈ ದೇಶದಾಗ ಅದಕ್ಕಂತ ಇಟ್ಕೊಳ್ಳಾಕ ಬಿಡಂಗಿಲ್ಲ. ಬರೇ ಕಾಗದಕ್ಕ ಹೊಡಿಯೂದು."

"ಇಷ್ಟ ದೊಡ್ಡದು, ಕಾಗದಕ್ಕ?" ಗೌರಾಬಾಯಿ ಪಿಸ್ತೂಲನ್ನೊಮ್ಮೆ ಕನಿಕರದಿಂದ ನೋಡಿದರು. "ಪಾಪ."

ಡಚ್ಚರ ನಾಡಿನಲ್ಲಿ, ಜರ್ಮನಿಯ ಗಡಿಗೆ ಅಂಟಿಕೊಂಡ ಎನ್ಸ್‌ಕೆಡೆ ಊರಿನ ಆ ಶೂಟಿಂಗ್ ಕ್ಲಬ್ಬು ಹೊಸ ಪಿಸ್ತೂಲೊಂದನ್ನು ಕೊಳ್ಳುವುದರಲ್ಲಿತ್ತು. ಇಂಜಿನಿಯರ್ ಪ್ರಭುದೇವ ಹಟ ಹಿಡಿದು ಇದನ್ನೇ ತರಿಸಿದ್ದ. ತುಂಬು ಅಳತೆಯದು, ಬೆನ್ನ ಮೇಲೆ ಗುರಿಗಾಜು ಕೂರಿಸಲು ಕಾರ್ಖಾನೆಯಲ್ಲೇ ಜಾಗ ಮಾಡಿದ್ದು. ಗುಂಡಿ ಒತ್ತಿದರೆ ಗಾಜಿನಲ್ಲೊಂದು ಕೆಂಪು ಚುಕ್ಕೆ ಬೆಳಗುತ್ತದೆ. ಅದನ್ನು ಗುರಿಯ ಮೇಲಿಟ್ಟು ಹೊಡೆದರಾಯಿತು. ಹೊಸಬರಿಗೆ ಕಲಿಯಲು ಸುಲಭ ಎಂದು ಸಭೆಯಲ್ಲಿ ಹೇಳಿದ್ದ. ಅದು ಶುದ್ಧ ಸುಳ್ಳು. ಅವನ ಮನಸ್ಸಿನಲ್ಲಿದ್ದದ್ದು ಹೆಂಕ್.

ಹೆಂಕ್ ಅವನಿಗೆ ಗುರಿ ಕಲಿಸಿದ ಎಪ್ಪತ್ನಾಲ್ಕರ ಮುದುಕರು. ತಂತಿಯ ಮೇಲೆ ಗುರಿಹಾಳೆ ಹತ್ತಿರ ಬಂದೊಡನೆ ಕನ್ನಡಕ ಏರಿಸಿ ಎಲ್ಲರ ಅಂಕವನ್ನೂ ಕೂಗುವುದು ಅವರ ಕೆಲಸ. ನಡುಮಧ್ಯಕ್ಕೆ ಬಿದ್ದರೆ "ಟೀನ್!", ಅಂದರೆ ಹತ್ತು. ಆ ಕೂಗು ಪಾರ್ಕಿಂಗ್ ತನಕ ಕೇಳುತ್ತಿತ್ತು. ಆದರೆ ಈ ವರ್ಷ ತಮ್ಮದೇ ಹಾಳೆ ಬಂದಾಗ ಐದು, ಆರು ಎಂದು ಮೀಸೆಯೊಳಗೇ ಗೊಣಗಿಕೊಳ್ಳುತ್ತಿದ್ದರು. ಪಿಸ್ತೂಲಿನ ತುದಿಯಲ್ಲಿ ಗುರಿ ಹಿಡಿಯಲಿರುವ ಸಣ್ಣ ಕಬ್ಬಿಣದ ಮೊನೆ ಅವರ ಕಣ್ಣಿಗೆ ಮಂಜಾಗಿತ್ತು. ಹಾಗೆಂದು ಒಪ್ಪಿಕೊಳ್ಳುವ ಪೈಕಿ ಅವರಲ್ಲ. ಡಿಸೆಂಬರಿಗೆ ಕ್ಲಬ್ಬು ಬಿಡುತ್ತೇನೆ ಎಂದಷ್ಟೇ ಹೇಳಿದ್ದರು. ಮೊನೆ ಬೇಡದ ಈ ಪಿಸ್ತೂಲು ಇವತ್ತಿನ ಪರೀಕ್ಷೆ ಗೆದ್ದರೆ ಹೆಂಕ್ ಉಳಿದಾರು ಎಂಬುದು ಪ್ರಭುದೇವನ ಆಸೆ.

ಹೆಂಕ್ ತಲೆ ತಗ್ಗಿಸಿ ದಫ್ತರಿನಲ್ಲಿ ಹೆಸರು ಬರೆಯುತ್ತಿದ್ದರು. ಪ್ರಭುದೇವ ಕಿವಿಗೆ ಹಾಕುವ ಮುಚ್ಚಳಗಳನ್ನು ತರಲು ಕಪಾಟಿನತ್ತ ಹೋದ. ತಿರುಗಿ ಬಂದಾಗ ಗೌರಾಬಾಯಿ ಸೀರೆಯ ಮೇಲಿನ ಸ್ವೆಟರ್ ಸರಿಮಾಡಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಏನೂ ಅರಿಯದವರಂತೆ ಕುಳಿತಿದ್ದರು.

ಅವನು ಗುಂಡು ತುಂಬಿ ಪಿಸ್ತೂಲು ಎತ್ತಿದ. ಹಿಡಿ ಕೈತುಂಬ ಕುಳಿತಿತು. ತೂಕ ಹದವಾಗಿತ್ತು. ಗಾಜಿನಲ್ಲಿ ಕೆಂಪು ಚುಕ್ಕೆ ಆಗಲೇ ಸಿದ್ಧವಾಗಿತ್ತು. ಐದು ಸಲ ಹೊಡೆದ. ಹಾಳೆ ಬಂತು.

"ನಾಲ್ಕು. ಎರಡು. ಮೂರು. ಎರಡು," ಎಂದರು ಹೆಂಕ್. "ಐದನೆಯದು ಜರ್ಮನಿಗೆ ಹೋಗಿರಬೇಕು. ಹೇಳಿದ್ದೆನಲ್ಲ, ಇದು ಆಟಿಕೆ."

ಗೆದ್ದವರ ದನಿ ಅದಾಗಿರಲಿಲ್ಲ. ಅವರು ಕೋಟಿಗೆ ಕೈಹಾಕಿದರು. ಪ್ರಭುದೇವನಿಗೆ ಅಳುವೇ ಬಂದಂತಾಯಿತು. ಖಾಲಿ ಪಿಸ್ತೂಲನ್ನು ಕೆಳಗಿಡುವ ಮೊದಲು ಚುಕ್ಕೆ ಆರಿಸೋಣವೆಂದು ಗುಂಡಿ ಒತ್ತಿದ. ಚುಕ್ಕೆ ಆರಲಿಲ್ಲ. ಪಕ್ಕದಲ್ಲಿ ಇನ್ನೊಂದು ಹುಟ್ಟಿತು. ಒಂದು ಉರಿಯುತ್ತಿತ್ತು, ಇನ್ನೊಂದು ಒಣಗುತ್ತಿತ್ತು.

"ಅವ್ವಾ!"

"ಮುಟ್ಟಬ್ಯಾಡ ಅಂದಿ, ನಾ ಮುಟ್ಟಿಲ್ಲ. ಕಡ್ಡೀಲೆ ಹಚ್ಚೇನಿ, ಸಾಸವಿಕಾಳಿನಷ್ಟ. ಮುಂಜಾನೆ ಕಾರಿನ ಗಾಜಿಗೂ ಹಚ್ಚಿದ್ನೆಲ್ಲ, ಆಗ ಸುಮ್ಮನಿದ್ದಿ!"

ಪ್ರಭುದೇವ ಡಚ್ಚಿನಲ್ಲಿ ವಿವರಿಸಿದ. ಕುಂಕುಮಕ್ಕೆ ಗುರಿಯಿಟ್ಟು ಐದು ಗುಂಡು ಹಾರಿಸಿದ ಇಂಜಿನಿಯರನ್ನು ಹೆಂಕ್ ಮೇಲಿಂದ ಕೆಳಗೆ ನೋಡಿದರು. ಆಮೇಲೆ ನಕ್ಕರು. ಕೋಟು ಕೈಯಿಂದ ಜಾರಿ ಬೀಳುವಷ್ಟು ನಕ್ಕರು.

ಪ್ರಭುದೇವ ಅಂಗಿಯ ಚುಂಗಿನಿಂದ ಗಾಜು ಒರೆಸಿ, ಪಿಸ್ತೂಲನ್ನು ಅವರ ಮುಂದಿಟ್ಟ. "ಈಗ ನೀವು ಹೊಡೆಯಿರಿ. ನನ್ನ ಸರದಿ ಮುಗಿಯಿತು."

"ಇದು ಹೊಸಬರಿಗೆ ಅಂದಿದ್ದೆಯಲ್ಲ?"

"ಇದಕ್ಕೆ ನೀವೂ ಹೊಸಬರೇ."

ಹೆಂಕ್ ಅವನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು. ಯಾರಿಗಾಗಿ ಇದೆಲ್ಲ ಎಂದು ಅವರಿಗೆ ತಿಳಿದುಹೋಯಿತು. ಗುಂಡು ತುಂಬಿ ನಿಂತು, ಒಂದೊಂದಾಗಿ ಐದು ಗುಂಡು ಹೊಡೆದು, ಪಿಸ್ತೂಲು ಖಾಲಿ ಮಾಡಿ ಕೆಳಗಿಟ್ಟರು. ಹಾಳೆ ತಂತಿಯ ಮೇಲೆ ಓಲಾಡುತ್ತ ಬಂತು. ಐದೂ ತೂತುಗಳು ನಡುವೆ ಗುಂಪುಗೂಡಿ ನಿಂತಿದ್ದವು. ಹೆಂಕ್ ಕನ್ನಡಕ ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ಅಂಕ ಕೂಗುವುದನ್ನೇ ಮರೆತುಬಿಟ್ಟರು.

"ಏನಾತೋ?" ಎಂದರು ಗೌರಾಬಾಯಿ.

"ಎಲ್ಲಾ ನಟ್ಟನಡುವ ಬಿದ್ದಾವವ್ವಾ."

"ಹಂಗಾದ್ರ ಈಗರ ಹಚ್ಚಲೇನು?" ಶೀಶೆ ಆಗಲೇ ಚೀಲದಿಂದ ಹೊರಗೆ ಬಂದಿತ್ತು.

"ಹಚ್ಚು. ಗಾಜೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹಚ್ಚು."

ಗೌರಾಬಾಯಿ ಕಡ್ಡಿ ಹಿಡಿದು ಪಿಸ್ತೂಲಿನ ಮೇಲೆ ಜಾಗ ಹುಡುಕುತ್ತಿದ್ದರು. ಅಷ್ಟರಲ್ಲಿ ಹೆಂಕ್ ಟೋಪಿ ತೆಗೆದು, ಅವರೆದುರು ಬಂದು, ತಲೆ ಬಾಗಿಸಿ ನಿಂತರು. ಗೌರಾಬಾಯಿ ಅವರ ಹುಬ್ಬುಗಳ ನಡುವೆ, ಅತ್ತಿತ್ತ ಕೂದಲೆಳೆಯೂ ಸರಿಯದಂತೆ, ಕೆಂಪನೆಯ ಚುಕ್ಕೆಯಿಟ್ಟರು.

ಹೆಂಕ್ ನೆಟ್ಟಗಾದರು. ಪಾರ್ಕಿಂಗ್ ತನಕ ಕೇಳುವಂತೆ ಕೂಗಿದರು: "ಟೀನ್!"